ಅಮೆರಿಕದಲ್ಲಿ ಟಿಕೆಟ್ ಕೊಡುವವರು ಯಾರು?

ಮಡಿಕೇರಿಗೆ, ವಿರಾಜಪೇಟೆಗೆ ಬಿ ಫಾರಂ ಯಾರ ಕೈಗೆ ಅನ್ನುವುದು ಬೆಂಗಳೂರು, ದೆಹಲಿಯಲ್ಲಿ ತೀರ್ಮಾನವಾಗುತ್ತದೆ. ವರ್ಷಗಟ್ಟಲೆ ಬಾವುಟ ಹಿಡಿದ ಕಾರ್ಯಕರ್ತರೂ ನಮ್ಮ ಹಾಗೆ ಟಿವಿ ಮುಂದೆ ಕೂತು ಪಟ್ಟಿ ಕಾಯುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅಧ್ಯಕ್ಷ ಹುದ್ದೆಯ ಟಿಕೆಟ್‌ಗೇ ಒಂದು ಚುನಾವಣೆ ಇದೆ. ಮಕ್ಕಳು, ಮೊಮ್ಮಕ್ಕಳು ಅಲ್ಲಿರುವ ಮನೆಗಳು ಕೊಡಗಿನಲ್ಲೂ ಇವೆಯಲ್ಲ, ಅವರಿಗಂತೂ ಇದು ಗೊತ್ತಿರಬೇಕು. ಮುಂದಿನ ಅಧ್ಯಕ್ಷೀಯ ಚುನಾವಣೆ 2028ರ ನವೆಂಬರ್ 7ಕ್ಕೆ. ಅದಕ್ಕೂ ಮೊದಲಿನ ಆಟವನ್ನು ಹೀಗೆ ಗಮನಿಸಿ.

ಮೊದಲು, ಕಣಕ್ಕೆ ಯಾರು?
35 ವರ್ಷ ತುಂಬಿರಬೇಕು, ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು, 14 ವರ್ಷ ಅಲ್ಲಿ ವಾಸವಿರಬೇಕು. ಪ್ರಚಾರಕ್ಕೆಂದು 5,000 ಡಾಲರ್‌ಗಿಂತ ಜಾಸ್ತಿ ಸಂಗ್ರಹಿಸಿದರೆ ಅಥವಾ ಖರ್ಚು ಮಾಡಿದರೆ ಕೇಂದ್ರದ ಚುನಾವಣಾ ಆಯೋಗದಲ್ಲಿ ನೋಂದಾಯಿಸಬೇಕು. ಪಕ್ಷದ ದೊಡ್ಡವರ ಒಪ್ಪಿಗೆ ಬೇಕಿಲ್ಲ. ಆದರೆ ದುಡ್ಡು ಬೇಕು. ಮೊದಲ ಮತ ಬೀಳುವ ಮೊದಲೇ ಎಷ್ಟೋ ಜನ ಕೈ ಖಾಲಿಯಾಗಿ ಹಿಂದೆ ಸರಿಯುತ್ತಾರೆ. ಈ ಪದ್ಧತಿಯಲ್ಲಿ ನನಗೆ ಒಪ್ಪದ ಭಾಗ ಇದು.

ಆಮೇಲೆ ಪ್ರೈಮರಿ, ಕಾಕಸ್
ಚುನಾವಣಾ ವರ್ಷದ ಆರಂಭದಲ್ಲಿ ರಾಜ್ಯಗಳು ಒಂದೊಂದಾಗಿ ಮತ ಹಾಕಲು ಶುರು ಮಾಡುತ್ತವೆ. ಪ್ರೈಮರಿ ಅಂದರೆ ಮತಗಟ್ಟೆಗೆ ಹೋಗಿ ಗುಟ್ಟಾಗಿ ಮತ ಹಾಕುವುದು. ಕಾಕಸ್ ಬೇರೆ ಥರ. ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರಿ ಮಾತಾಡಿ ತೀರ್ಮಾನಿಸುವ ಹಾಗೆ, ಊರಿನ ಪಕ್ಷದವರು ಒಂದು ಕಡೆ ಸೇರುತ್ತಾರೆ. ಅಯೋವಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಕಾಕಸ್ 2020ರವರೆಗೆ ನಡೆಯುತ್ತಿದ್ದ ರೀತಿ ನೋಡಿ: ಶಾಲೆಯ ಹಾಲ್‌ನಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ಜನ ತಮಗೆ ಬೇಕಾದವರ ಮೂಲೆಗೆ ಹೋಗಿ ನಿಲ್ಲಬೇಕು. ಸಾಮಾನ್ಯವಾಗಿ ಶೇ 15 ಜನ ಸೇರದ ಗುಂಪು ಚದುರಬೇಕು. ಆಗ ಪಕ್ಕದ ಮನೆಯವರೇ ಬಂದು ‘ನಮ್ಮ ಕಡೆ ಬನ್ನಿ’ ಅಂತ ಕರೆಯುತ್ತಾರೆ. ಯಾರು ಯಾರ ಪರ ಅನ್ನುವುದು ಎಲ್ಲರ ಎದುರೇ ಬಯಲು. ರಿಪಬ್ಲಿಕನ್ನರು ಅಲ್ಲಿ ಭಾಷಣ ಕೇಳಿ, ಚೀಟಿಯಲ್ಲಿ ಹೆಸರು ಬರೆದು ಹಾಕುತ್ತಾರೆ.

ಪ್ರತಿನಿಧಿಗಳನ್ನು ಲೆಕ್ಕ ಹಾಕಿ
ಟಿವಿಯಲ್ಲಿ ‘ಗೆದ್ದರು’ ಅಂದರೆ ಸಾಲದು. ಮತಕ್ಕೆ ತಕ್ಕಂತೆ, ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯ ಪರ ಮತ ಹಾಕುವ ಪ್ರತಿನಿಧಿಗಳು ಎಷ್ಟು ಸಿಕ್ಕರು ಅನ್ನುವುದೇ ಮುಖ್ಯ. 2024ರಲ್ಲಿ ರಿಪಬ್ಲಿಕನ್ ಪಕ್ಷದ ಪ್ರತಿನಿಧಿಗಳು 2,429. ಗೆಲ್ಲಲು 1,215 ಬೇಕಿತ್ತು. ಮಾರ್ಚ್‌ನ ‘ಸೂಪರ್ ಮಂಗಳವಾರ’ ತಪ್ಪಿಸಬೇಡಿ. 2024ರಲ್ಲಿ ಆ ಒಂದೇ ದಿನ 15 ರಾಜ್ಯಗಳು ಮತ ಹಾಕಿದವು. ಮರುದಿನವೇ ರಿಪಬ್ಲಿಕನ್ ಟಿಕೆಟ್‌ಗೆ ಟ್ರಂಪ್ ಎದುರಾಳಿಯಾಗಿದ್ದ ನಿಕ್ಕಿ ಹೇಲಿ ಕಣದಿಂದ ಹಿಂದೆ ಸರಿದರು, ಟ್ರಂಪ್ ದಾರಿ ಸಲೀಸಾಯಿತು.

ಕೊನೆಗೆ ಸಮಾವೇಶ
ಬೇಸಿಗೆಯಲ್ಲಿ ಪ್ರತಿನಿಧಿಗಳು ಸೇರಿ ಹೆಸರು ಘೋಷಿಸುತ್ತಾರೆ. ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸುವುದು ಅಧ್ಯಕ್ಷ ಅಭ್ಯರ್ಥಿಯೇ.

ಈ ಹಕ್ಕು ಜನರಿಗೆ ಸುಮ್ನೆ ಸಿಕ್ಕಿದ್ದಲ್ಲ. 1968ರಲ್ಲಿ ಆಗಿನ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧದ ಸಿಟ್ಟೂ ಸೇರಿ ಷಿಕಾಗೋ ಸಮಾವೇಶದ ಹೊರಗೆ ಬೀದಿಯಲ್ಲೇ ಪ್ರತಿಭಟನಕಾರರ ಮೇಲೆ ಪೊಲೀಸರು ಲಾಠಿ ಬೀಸಿದರು. ಆಮೇಲೆ ಪಕ್ಷ ನಿಯಮ ಬದಲಿಸಿತು. 1972ರಿಂದ ಪ್ರೈಮರಿಗಳದೇ ಮೇಲುಗೈ. ಆದರೂ ಬಿರುಕು ಉಳಿದಿದೆ. 2024ರಲ್ಲಿ ಪ್ರೈಮರಿ ಗೆದ್ದಿದ್ದ ಬೈಡನ್ ಜುಲೈ 21ರಂದು ಹಿಂದೆ ಸರಿದಾಗ, ಕಮಲಾ ಹ್ಯಾರಿಸ್ ಅವರನ್ನು ಆರಿಸಿದ್ದು ಪ್ರತಿನಿಧಿಗಳು, ಆನ್‌ಲೈನ್‌ನಲ್ಲಿ. ಸಮಯ ಇರಲಿಲ್ಲ, ನಿಜ. ಆದರೆ ಮತದಾರರನ್ನು ಕೇಳಲಿಲ್ಲ ಅನ್ನುವುದೂ ನಿಜ.

ನಿಮ್ಮ ಮನೆಯವರು ಅಲ್ಲಿದ್ದರೆ ಇದನ್ನು ಹೇಳಿ: ಮತ ಹಾಕಲು ಗ್ರೀನ್ ಕಾರ್ಡ್ ಇದ್ದರೆ ಸಾಲದು, ಪೌರತ್ವ ಬೇಕು. ನ್ಯೂಯಾರ್ಕ್‌ನಲ್ಲಿದ್ದರೆ ಗಡುವಿನೊಳಗೆ ಪಕ್ಷದ ಹೆಸರಿನಲ್ಲಿ ನೋಂದಾಯಿಸಿರಬೇಕು, ಇಲ್ಲವಾದರೆ ಪ್ರೈಮರಿಯಲ್ಲಿ ಮತವಿಲ್ಲ. ಟೆಕ್ಸಾಸ್‌ನಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಮತಗಟ್ಟೆಯಲ್ಲಿ ಯಾವ ಪಕ್ಷದ ಮತಪತ್ರ ಬೇಕೋ ಕೇಳಿ ಪಡೆಯಬಹುದು, ಆದರೆ ಒಂದನ್ನು ಮಾತ್ರ.