ಪೈಪ್ ಬದಲಿಸುವ ಮೊದಲು ನಾವು ಮಾಡಿದ್ದು

ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಬದಿಯಡ್ಕ ಕಡೆಯ ನಮ್ಮ ಗುಡ್ಡೆಯ ಮನೆಗಳಿಗೆ ನೀರಿಲ್ಲ. ಊರಿನ ನೀರಿನ ಲೈನು ಹಳೆಯದು, ಪೂರ್ತಿ ಬದಲಿಸಬೇಕು ಎಂದು ಸಮಿತಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಪಂಪ್ ಮತ್ತು ಪ್ಲಂಬಿಂಗ್ ಕೆಲಸ ನೋಡಿಕೊಳ್ಳುವವನು ನಾನು. ಮೊದಲು ಎಲ್ಲಿ ಸೋರುತ್ತದೆ ನೋಡೋಣ, ಆಮೇಲೆ ದುಡ್ಡಿನ ಮಾತು ಎಂದೆ.

ಅಳೆಯಲು ದೊಡ್ಡ ಯಂತ್ರ ಏನೂ ಬೇಡ. ನಮ್ಮದು 4 ಮೀಟರ್ ವ್ಯಾಸದ ದುಂಡು ಟ್ಯಾಂಕಿ. ಅದರಲ್ಲಿ ನೀರು 1 ಸೆಂಟಿಮೀಟರ್ ಇಳಿದರೆ ಸುಮಾರು 125 ಲೀಟರ್ ಹೋಯಿತು ಅಂತ ಲೆಕ್ಕ. ಪಂಪ್ ನಿಲ್ಲಿಸಿ, ನಡುರಾತ್ರಿ ಕೋಲು ಇಳಿಸಿ ನೋಡಬೇಕು. ಒಂದು ತೊಡಕಿದೆ: ಮನೆಮನೆಯ ಮಾಡಿನ ಮೇಲಿನ ಟ್ಯಾಂಕ್ ತುಂಬುವುದೂ ರಾತ್ರಿಯೇ. ಹಾಗಾಗಿ ಎಲ್ಲರೂ ಮೀಟರಿನ ಹತ್ತಿರದ ವಾಲ್ವ್ ಕಟ್ಟಿ ಮಲಗುವಂತೆ ಮಾಡಿದೆವು. ಆಮೇಲೂ ನೀರು ಇಳಿಯುತ್ತಲೇ ಇತ್ತು! ಒಂದೊಂದೇ ಗೇಟ್ ವಾಲ್ವ್ ಕಟ್ಟುತ್ತಾ ಹೋದೆವು. ಯಾವುದನ್ನು ಕಟ್ಟಿದಾಗ ಇಳಿತ ನಿಲ್ಲುತ್ತದೋ ಸೋರಿಕೆ ಅದರಿಂದ ಆಚೆ. ನಮ್ಮಲ್ಲಿ ಅದು ಬಯಲಿಗೆ ಇಳಿಯುವ ಲೈನು. ಬದಲಿಸಬೇಕೆಂದು ಎಲ್ಲರೂ ಬೆರಳು ತೋರಿಸುತ್ತಿದ್ದ ಮೇಲಿನ ಲೈನಿಗೆ ಹೆಚ್ಚೇನೂ ಆಗಿರಲಿಲ್ಲ.

ಜಾಗ ಹುಡುಕುವುದು ಮಾತ್ರ ಕಷ್ಟ. ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪು ಕಲ್ಲಿನ, ನೆಲದಲ್ಲಿ ಸೋರಿದ ನೀರು ಮೇಲೆ ಬರುವುದಿಲ್ಲ, ಸಂದುಗಳಲ್ಲಿ ಕೆಳಗಿಳಿದು ಎಲ್ಲೋ ದೂರದ ಅಡಿಕೆ ತೋಟದ ಬದಿಯಲ್ಲಿ ಒಸರುತ್ತದೆ. ಅಂಥ ನೀರಿಗೆ ಕ್ಲೋರಿನ್ ನೋಡುವ ದ್ರಾವಣ ಹಾಕಿದೆವು. ಹಳದಿಗೆ ತಿರುಗಿದರೆ ಅದು ಟ್ಯಾಂಕಿಯ ನೀರು. ತಿರುಗದಿದ್ದರೆ ಅಲ್ಲ ಎನ್ನುವಂತಿಲ್ಲ, ಮಣ್ಣಿನಲ್ಲಿ ಹರಿಯುವಾಗ ಕ್ಲೋರಿನ್ ಸತ್ತಿರಬಹುದು. ಇನ್ನೊಂದು ಉಪಾಯ, ಕಬ್ಬಿಣದ ಸಲಾಕೆಯನ್ನು ವಾಲ್ವಿಗೆ ಒತ್ತಿ ಕಿವಿ ಕೊಡುವುದು. ಪಿವಿಸಿಯಲ್ಲಿ ಶಬ್ದ ದೂರ ಹೋಗುವುದಿಲ್ಲ, ಆದ್ದರಿಂದ ಪ್ರತಿಯೊಂದು ಫಿಟ್ಟಿಂಗಿನಲ್ಲೂ ಕೇಳಬೇಕು.

ಅಗೆದಾಗ ಪೈಪ್ ಒಡೆದದ್ದು ಕಡಿಮೆ. ಮನೆಗೆ ಕವಲು ತೆಗೆಯಲು ಪೈಪಿಗೆ ಬಿಗಿಯುವ ಪಟ್ಟಿ, ಅಂದರೆ ಸ್ಯಾಡಲ್, ಮತ್ತೆ ತುಕ್ಕು ಹಿಡಿದ ಜಿಐ (ಸತು ಬಳಿದ ಕಬ್ಬಿಣ) ಪೈಪಿನ ತುಂಡು, ಇವೇ ಜಾಸ್ತಿ. ಅಲ್ಲಲ್ಲಿ ಮುರಕಲ್ಲಿನ ಚೂರು ಪೈಪನ್ನೇ ಕೊರೆದಿತ್ತು. ಕವಲುಗಳಿಗೆಲ್ಲ ಬಗ್ಗುವ ಪ್ಲಾಸ್ಟಿಕ್ ಪೈಪಾದ ಎಚ್‌ಡಿಪಿಇ ಹಾಕಿದೆವು. ಪೈಪಿನ ಸುತ್ತ ಕಲ್ಲಿಲ್ಲದ ನಯ ಮಣ್ಣು ತುಂಬಿದೆವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಮತ್ತೆ ಸೋರುತ್ತಿತ್ತು, ಏಕೆಂದರೆ ಕಾರಣ ಒತ್ತಡ. ನೀರು 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ. ಬಯಲಿನ ಮನೆಗಳು ಟ್ಯಾಂಕಿಗಿಂತ 55 ಮೀಟರ್ ಕೆಳಗಿವೆ, ಅಂದರೆ ನೀರು ನಿಂತಾಗ 5.5 ಕೆಜಿ. ಹಾಕಿರುವುದು 6 ಕೆಜಿ ಒತ್ತಡ ತಾಳುವ ಪೈಪ್. ವಾಲ್ವನ್ನು ದಡಕ್ಕನೆ ಕಟ್ಟಿದರೆ ಒತ್ತಡ ಅದನ್ನೂ ದಾಟುತ್ತದೆ. ಗುಡ್ಡೆಯ ಅರ್ಧದಲ್ಲಿ, ತುಂಬಿದಾಗ ತಾನೇ ಮುಚ್ಚುವ ಫ್ಲೋಟ್ ವಾಲ್ವ್ ಇರುವ ಸಣ್ಣ ತೊಟ್ಟಿ ಕಟ್ಟಿಸಿದೆವು. ಅಲ್ಲಿ ಒತ್ತಡ ಸೊನ್ನೆಯಾಗಿ, ಕೆಳಗೆ ಅರ್ಧವೇ ಉಳಿಯುತ್ತದೆ. ಪೂರ್ತಿ ಲೈನ್ ಬದಲಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ.

"ನೀರಿಗೆ ಮೊದಲಿನ ರಭಸ ಇಲ್ಲ ಮಾರಾಯಾ" ಎಂದು ಒಬ್ಬರು ಜಗಳಕ್ಕೇ ಬಂದರು. ಅವರು ಕುಡಿಯುವ ನೀರಿನ ನಳ್ಳಿಗೆ ಹೋಸ್ ಸಿಕ್ಕಿಸಿ ಅಡಿಕೆಗೆ ಬಿಡುತ್ತಿದ್ದರು, ಅದೂ ಒಂದು ಸೋರಿಕೆಯೇ ಅಲ್ವಾ? ಈಗಲೂ ತಿಂಗಳಿಗೊಮ್ಮೆ ರಾತ್ರಿ ಕೋಲು ಇಳಿಸುತ್ತೇವೆ. ಇಳಿತ ಹೆಚ್ಚಿದರೆ ಮೊದಲು ಸ್ಯಾಡಲ್‌ಗಳನ್ನು ನೋಡುತ್ತೇನೆ.