‘ನಾಲ್ಕು ಸಾಲು’ ಬರೆದುಕೊಡುವ ಮೊದಲು

ಶಿವಮೊಗ್ಗದಲ್ಲಿ ಕುಳಿತು ಫ್ರೀಲ್ಯಾನ್ಸ್ ಕಾಪಿರೈಟರ್ ಆಗಿ ದುಡಿಯುವವರಿಗೆ ಸಿಗುವ ಕೆಲಸ ದೊಡ್ಡ ಕಂಪನಿಗಳ ಜಾಹೀರಾತಿಗಿಂತ ಹೆಚ್ಚಾಗಿ ಸಾಗರದ ಉಪ್ಪಿನಕಾಯಿ ಬಾಟಲಿಯ ಲೇಬಲ್, ತೀರ್ಥಹಳ್ಳಿ ಕಡೆಯ ಹೋಂಸ್ಟೇ ಕರಪತ್ರ, ಹೊಸನಗರದ ಜೇನುತುಪ್ಪದ ಪರಿಚಯ ಪತ್ರ, ಇಂಥವು. ಕರೆ ಮಾಡಿದವರು ಸಾಮಾನ್ಯವಾಗಿ “ಎಂತದಾದ್ರೂ ನಾಲ್ಕು ಸಾಲು ಬರ್ಕೊಡಿ ಮಾರಾಯ್ರೆ” ಎನ್ನುತ್ತಾರೆ. ಹೊಸಬರು ಅಂದೇ ರಾತ್ರಿ ಬರೆದು ಕಳಿಸುತ್ತಾರೆ. ಆಮೇಲೆ ಎಂಟು ಬಾರಿ ತಿದ್ದಿ, ಕೊನೆಗೆ ಗ್ರಾಹಕರೇ ಬರೆದುಕೊಂಡ ಸಾಲು ಅಚ್ಚಾಗಿ, ಹಣವೂ ಬಾರದೆ ಕೂರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಲೇಬಲ್ಲನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಕೆಲಸದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಒಪ್ಪಂದ. ಏನೇನು ಬರೆದುಕೊಡುತ್ತೀರಿ, ಎಷ್ಟು ಹಣ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನು ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಿ ಬರೆದು, ಅದಕ್ಕೆ “ಸರಿ” ಎಂಬ ಉತ್ತರ ಬರುವವರೆಗೆ ಕಾಯಿರಿ. ಎರಡು ತಿದ್ದುಪಡಿ ಸಾಕು. ಅರ್ಧ ಹಣ ಮುಂಗಡ. ಕೊನೆಯ ಒಪ್ಪಿಗೆ ಕೊಡುವವರು ಯಾರು ಎಂಬುದನ್ನೂ ಆಗಲೇ ಕೇಳಿ ಬರೆದುಕೊಳ್ಳಬೇಕು. ಉಪ್ಪಿನಕಾಯಿ ಹಾಕುವವರು ಅಮ್ಮ, ಫೋನು ಮಾಡುವವನು ಮಗ, ಎಲ್ಲ ಮುಗಿದ ಮೇಲೆ “ಇದು ಸ್ವಲ್ಪ ಮಾಡರ್ನ್ ಇರಬೇಕಿತ್ತು” ಎನ್ನುವವರು ಬೆಂಗಳೂರಿನಲ್ಲಿರುವ ಭಾವ. ಆ ಭಾವನನ್ನು ಮೊದಲ ದಿನವೇ ಪತ್ತೆಹಚ್ಚುವುದು ಒಳ್ಳೆಯದು.

ಎರಡನೆಯದು, ಎಲ್ಲರೂ ಎಡವುವ ಹಂತ: ವಿಷಯ ಕೇಳಿ ತಿಳಿದುಕೊಳ್ಳುವುದು. ಇದನ್ನು ಫೋನಿನಲ್ಲಿ ಮಾಡಬೇಡಿ. ಬಸ್ಸು ಹತ್ತಿ ಹೋಗಿ, ಭರಣಿಯ ಮುಚ್ಚಳ ತೆಗೆಸಿ, ಮೂಸಿ ನೋಡಿ, ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಕೇಳಿ. “ನಿಮ್ಮ ಉಪ್ಪಿನಕಾಯಿಯ ವಿಶೇಷತೆ ಏನು?” ಎಂಬ ಪ್ರಶ್ನೆಯಿಂದ ಏನೂ ಹುಟ್ಟುವುದಿಲ್ಲ, “ತುಂಬಾ ಶುದ್ಧ, ತುಂಬಾ ರುಚಿ” ಎಂಬ ಉತ್ತರವನ್ನು ಹೊತ್ತು ಮನೆಗೆ ಬರುತ್ತೀರಿ, ಅಷ್ಟೆ. ಬದಲಿಗೆ ಕೆಲಸದ ಬಗ್ಗೆ ಕೇಳಬೇಕು. ಮಿಡಿ ಯಾವ ಮರದ್ದು, ಹೊಳೆ ಬದಿಯದೋ ತೋಟದ್ದೋ? ಜೀರಿಗೆ ವಾಸನೆಯ ಮಿಡಿಯೋ ಬೇರೆಯದೋ? ಮರ ಹತ್ತಿ ಕೊಯ್ಯಿಸುತ್ತೀರೋ, ಉದುರಿದ್ದನ್ನೂ ಸೇರಿಸುತ್ತೀರೋ? ಉಪ್ಪಿನಲ್ಲಿ ಎಷ್ಟು ದಿನ ಬಿಟ್ಟರೆ ಮಿಡಿ ಚಿರುಟುತ್ತದೆ? ಮೆಣಸು ಬ್ಯಾಡಗಿಯದೇ? ಯಾವ ವರ್ಷ ಕೆಟ್ಟಿತ್ತು, ಏಕೆ ಕೆಟ್ಟಿತು? ಕೊನೆಯ ಪ್ರಶ್ನೆಯನ್ನು ಕೇಳಲು ಹೊಸಬರು ಅಂಜುತ್ತಾರೆ, ಆದರೆ ಹೆಚ್ಚು ಮಾತು ಹೊರಡುವುದು ಅಲ್ಲಿಯೇ.

ಹೀಗೆ ಕೇಳುತ್ತಿದ್ದಾಗ ಒಬ್ಬ ಅಮ್ಮ, ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯುವುದೇಕೆ ಎಂಬುದಕ್ಕೆ, “ತೊಟ್ಟು ಮುರಿದ್ರೆ ಸೊನೆ ಹೋಯ್ತು, ಸೊನೆ ಹೋದ್ರೆ ಪರಿಮಳ ಹೋಯ್ತು” ಎಂದರು. ನಾನು ಆ ಲೇಬಲ್ಲಿಗೆ ಬೇರೆ ಸಾಲು ಹುಡುಕಲೇ ಇಲ್ಲ. ಆದ್ದರಿಂದ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿಕೊಳ್ಳದೆ, ಹೇಳಿದ ಹಾಗೆಯೇ ಟಿಪ್ಪಣಿ ಮಾಡಿಕೊಳ್ಳಿ. ಕೊಂಡವರು ಏನೆಂದು ದೂರುತ್ತಾರೆ ಎಂದೂ ಕೇಳಿ. “ಪೇಟೆಯವರು ಉಪ್ಪು ಜಾಸ್ತಿ ಅಂತಾರೆ” ಎಂಬ ಉತ್ತರ ಬಂದರೆ, ಮೊಸರನ್ನದ ಜೊತೆ ಅರ್ಧ ಮಿಡಿ ಸಾಕು ಎಂಬ ಸೂಚನೆ ಲೇಬಲ್ಲಿನ ಮೇಲೆ ಇರಲೇಬೇಕೆಂದು ಗೊತ್ತಾಗುತ್ತದೆ.

ಕೇಳಿದ್ದೆಲ್ಲವನ್ನೂ ಬರೆಯುವಂತಿಲ್ಲ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿದ ನಿಯಮಗಳಲ್ಲಿ ‘ನೈಸರ್ಗಿಕ’, ‘ತಾಜಾ’, ‘ಶುದ್ಧ’, ‘ಸಾಂಪ್ರದಾಯಿಕ’ ಎಂಬ ಪದಗಳಿಗೆಲ್ಲ ಷರತ್ತುಗಳಿವೆ. ಸಾಂಪ್ರದಾಯಿಕ ಎನ್ನಬೇಕಾದರೆ ಆ ಪಾಕ ತಲೆಮಾರುಗಳಿಂದ ಹೆಚ್ಚು ಬದಲಾಗದೆ ಬಂದಿರಬೇಕು. ಯಂತ್ರ ಹಾಕಿದ ಘಟಕದಲ್ಲಿ ತಯಾರಾದದ್ದಕ್ಕೆ ‘ಮನೆಯಲ್ಲೇ ಮಾಡಿದ್ದು’ ಎಂದು ಬರೆದು ಕೊಳ್ಳುವವರ ದಾರಿ ತಪ್ಪಿಸುವಂತಿಲ್ಲ. ಮುರುಗಲು ಶರಬತ್ತು ಬೊಜ್ಜು ಕರಗಿಸುತ್ತದೆ, ಜೇನುತುಪ್ಪ ಸಕ್ಕರೆ ಕಾಯಿಲೆಗೆ ಮದ್ದು ಎಂದು ಬರೆಸಲು ಬಂದವರಿಗೆ ಸ್ಪಷ್ಟವಾಗಿ ಇಲ್ಲವೆನ್ನಿ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆಯೆಂದು ಸಿಕ್ಕವರೆಲ್ಲ ಆ ಗುರುತನ್ನು ಹಾಕಿಕೊಳ್ಳಲು ಬಯಸುತ್ತಾರೆ. ಗ್ರಾಹಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಕಾಗದ ತರಿಸಿ ನೋಡಿ, ಆಮೇಲೆ ಹಾಕಿ.

ಮೂರನೆಯದು ಬರೆಯುವುದು. ಹಿಂದಿನ ಹಂತ ಸರಿಯಾಗಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ. ಪ್ರಾಸ ಬೇಡ, ‘ಬಾಯಲ್ಲಿ ನೀರೂರಿಸುವ’ ಬೇಡವೇ ಬೇಡ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಘೋಷವಾಕ್ಯ ಹುಟ್ಟಿಸಿಕೊಡುವ ತಂತ್ರಾಂಶಗಳನ್ನೂ ನಂಬಬೇಡಿ. ಅವು ಉಪ್ಪಿನಕಾಯಿಗೂ ಊದುಬತ್ತಿಗೂ ಒಂದೇ ಸಾಲು ಕೊಡುತ್ತವೆ.

ಕನ್ನಡದಲ್ಲಿ ಮಾತ್ರ ಬರೆದು ಮುಗಿಸಿದಿರೋ, ಅದೂ ತಪ್ಪೇ. ಪದಾರ್ಥಗಳು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡವೂ ಇರಬಹುದು ಎನ್ನುವುದು ನಿಯಮ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯಬೇಕು.

ನಾಲ್ಕನೆಯದಾಗಿ ಪ್ರೆಸ್ಸಿನ ಪ್ರೂಫ್. ನೀವು ಯೂನಿಕೋಡಿನಲ್ಲಿ ಬರೆದು ಕಳಿಸಿದ ಕನ್ನಡವನ್ನು ಹಳೆಯ ಪುಟವಿನ್ಯಾಸ ತಂತ್ರಾಂಶವಿರುವ ಪ್ರೆಸ್ಸಿನವರು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಗೋ ಬೇರೆ ಯಾವುದಕ್ಕೋ ಪರಿವರ್ತಿಸಿಕೊಳ್ಳುತ್ತಾರೆ. ಆಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿಬಿಡುತ್ತದೆ, ಒತ್ತಕ್ಷರ ಬಿಡಿಯಾಗಿ ನಿಂತು ‘ಉಪ್ಪಿನಕಾಯಿ’ ಓದಲಾರದಂತಾಗುತ್ತದೆ. ಹೀಗಾಗದಿರಲು, ಪಠ್ಯದ ಜೊತೆ ಅಕ್ಷರಗಳು ಸರಿಯಾಗಿ ಕಾಣುವ ಒಂದು ಪಿಡಿಎಫ್ ಕಳಿಸಿ, ಪ್ರೂಫನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ. ಮೊಬೈಲಿನಲ್ಲಿ ಬಂದ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ನಿಜವಾದ ಅಳತೆಯಲ್ಲಿ ಮುದ್ರಿಸಿ, ಬಾಟಲಿಗೆ ಸುತ್ತಿ ನೋಡಿ, ಏಕೆಂದರೆ ಲೇಬಲ್ ಸುತ್ತಿದಾಗ ಅಂಚಿನ ಸಾಲು ಹಿಂದಕ್ಕೆ ಮರೆಯಾಗುವುದು ಚಪ್ಪಟೆ ಹಾಳೆಯಲ್ಲಿ ತಿಳಿಯುವುದೇ ಇಲ್ಲ. ಲೇಬಲ್ಲಿನ ಮೇಲಿನ ಆಹಾರ ಪರವಾನಗಿ ಸಂಖ್ಯೆಯ 14 ಅಂಕಿಗಳನ್ನು ಇಬ್ಬರು ಕುಳಿತು, ಒಬ್ಬರು ಓದಿ ಇನ್ನೊಬ್ಬರು ನೋಡಿ, ತಾಳೆ ಹಾಕಬೇಕು. ಒಮ್ಮೆ ನಾನೊಬ್ಬನೇ ನೋಡಿದ್ದರಿಂದ ಒಂದು ಸೊನ್ನೆ ಬಿಟ್ಟುಹೋಗಿ, 2,000 ಲೇಬಲ್ಲುಗಳು ರದ್ದಿಗೆ ಹೋದವು. ಮರುಮುದ್ರಣದ ಅರ್ಧ ಖರ್ಚನ್ನು ನಾನೇ ಕೊಟ್ಟೆ.

ಉಳಿದದ್ದು ಬಿಲ್ಲು. ಮುದ್ರಣಕ್ಕೆ ಹೋಗುವ ಅಂತಿಮ ಕಡತದ ಜೊತೆಯಲ್ಲಿಯೇ ಅದನ್ನೂ ಕಳಿಸಿ; ಬಾಟಲಿಗಳು ಅಂಗಡಿ ಸೇರಿದ ಮೇಲೆ ಯಾರಿಗೂ ಕಾಪಿರೈಟರ್ ನೆನಪಾಗುವುದಿಲ್ಲ. ಒಂದೇ ಕಂಪನಿಯಿಂದ ವರ್ಷಕ್ಕೆ 50,000 ರೂಪಾಯಿ ಮೀರಿದ ಕೆಲಸ ಬಂದರೆ ಅವರು ಶೇ 10ರಷ್ಟು ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿತ ಮಾಡಿ ಉಳಿದದ್ದನ್ನು ಕೊಡುತ್ತಾರೆ. ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಅಚ್ಚಾದ ಲೇಬಲ್ಲುಗಳಲ್ಲಿ ಎರಡನ್ನು ಕೇಳಿ ಪಡೆದು, ಒಂದನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಅಮ್ಮನ ಮಾತು ಬರೆದುಕೊಂಡ ಪುಟದ ಎದುರಿಗೆ ಅಂಟಿಸಿ. ಮುಂದಿನ ಗ್ರಾಹಕರು ನಿಮ್ಮ ಕೆಲಸದ ಮಾದರಿ ಕೇಳಿದಾಗ ಆ ಎರಡು ಪುಟಗಳನ್ನು ತೆರೆದು ತೋರಿಸಿ.