ಮಗುವಿನ ಯುಡಿಐಡಿ ತಪಾಸಣೆಗೆ ಒಂದು ಹಾಳೆ ಬರೆದುಕೊಂಡು ಹೋಗಿ

ಕೋಲಾರದ ಜಿಲ್ಲಾಸ್ಪತ್ರೆಗೆ ಮಗುವಿನ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ತಪಾಸಣೆಗೆ ಹೋಗುವವರು ರಿಪೋರ್ಟುಗಳ ಮೇಲೆ ಒಂದು ಹಾಳೆ ಇಡಿ: ದಿನನಿತ್ಯ ಮಗುವಿಗೆ ಯಾವುದಕ್ಕೆಲ್ಲ ಸಹಾಯ ಬೇಕು ಅಂತ. ಸುಮ್ನೆ ‘ಕಷ್ಟಪಡುತ್ತಾನೆ’ ಅಂದರೆ ಸಾಲದು. ‘7 ವರ್ಷ. ಮುದ್ದೆ ಮುರಿದು ಬಾಯಿಗಿಟ್ಟರೆ ನುಂಗುತ್ತಾನೆ. ಅಂಗಿ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಬಚ್ಚಲಿಗೆ ಒಬ್ಬರು ಜೊತೆಗಿರಬೇಕು’ ಹೀಗಿರಲಿ. ಥೆರಪಿಸ್ಟ್ ಸಹಿಯೂ ಇದ್ದರೆ ಇನ್ನೂ ಒಳ್ಳೆಯದು. ಬೌದ್ಧಿಕ ಅಂಗವೈಕಲ್ಯದಲ್ಲಿ ಐಕ್ಯೂ (ಬುದ್ಧಿಮಟ್ಟದ ಅಂಕ) ಒಂದೇ ಅಲ್ಲ, ಮಗು ತನ್ನ ಕೆಲಸ ತಾನೇ ಎಷ್ಟು ಮಾಡಿಕೊಳ್ಳುತ್ತದೆ ಅನ್ನುವುದನ್ನೂ ನೋಡುತ್ತಾರೆ. ಅದನ್ನು ಹೇಳಬೇಕಾದವರು ನಾವೇ. ಗಾಬರಿಯಲ್ಲಿ ‘ಎಲ್ಲಾ ಮಾಡ್ತಾನೆ ಸಾರ್’ ಅಂದುಬಿಡುತ್ತೇವೆ, ಅಲ್ವಾ? ಪಿಂಚಣಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಅಂತ ಬರಬೇಕು. ಕಿವಿ, ಕಣ್ಣಿನ ತೊಂದರೆಗೆ ಮಾತ್ರ ಈ ಹಾಳೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಬೆರಾ (ಕಿವಿ ಕೇಳಿಸುತ್ತದೆಯೇ ಅಂತ ನೋಡುವ ಪರೀಕ್ಷೆ), ದೃಷ್ಟಿ ಪರೀಕ್ಷೆಯ ರಿಪೋರ್ಟೇ ಲೆಕ್ಕ.